ತಮ್ಮ ತಂದ ಮಡಿ ನೀರು

ನನ್ನ ತಮ್ಮ ಬಾಯಿಬಿಟ್ಟು ಆಡಿದ ಮೊದಲ ಪೂರ್ತಿ ಮಾತು "ಮುಟ್ಟಬ್ಯಾಡ್ರಿ, ಮಡಿ" ಎಂಬುದು. ಆಗ ಅವನಿಗೆ ಹದಿನಾಲ್ಕು ದಾಟಿತ್ತು. ಅಲ್ಲಿಯವರೆಗೆ ಅಕ್ಕ, ನೀರು, ಹೂಂ, ಒಲ್ಲೆ ಇಷ್ಟರಲ್ಲೇ ಅವನ ಸಂಸಾರ ನಡೆದಿತ್ತು. ಆ ಮಾತು ಬಂದ ದಿನ ಅವ್ವ ಅಡುಗೆಮನೆಯಲ್ಲಿ ಕೂತು ಅತ್ತಳು. ಅಪ್ಪ ಗುಡಿಯಲ್ಲಿ ಪ್ರಾಣದೇವರಿಗೆ ಇನ್ನೊಂದು ಮಂಗಳಾರತಿ ಮಾಡಿದರು. ನಾನಂತೂ ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಅದೇ ಮಾತು ಮುಂದೊಂದು ದಿನ ಅವನ ಜೀವಕ್ಕೇ ಕುತ್ತು ತರುತ್ತದೆಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ನಮ್ಮದು ಸೇಡಂ ತಾಲೂಕಿನಲ್ಲಿ ಕಾಗಿಣಾ ಹೊಳೆಯ ದಂಡೆಯ ಹಳ್ಳಿ. ಗಾಳಿ ಈ ಕಡೆ ತಿರುಗಿದರೆ ಮಳಖೇಡದ ಸಿಮೆಂಟ್ ಕಾರ್ಖಾನೆಯ ಭೋಂಗಾ ಕೇಳುತ್ತಿತ್ತು. ಅಪ್ಪ ಊರ ಹನುಮಪ್ಪನ ಗುಡಿಯ ಅರ್ಚಕರು. ದಿನಾ ಮುಂಜಾನೆ ದೇವರ ಅಭಿಷೇಕಕ್ಕೆ ಹೊಳೆಯಿಂದ ಒಂದು ಕೊಡ ಮಡಿ ನೀರು ಬರಬೇಕು. ನೀರು ತರುವವನು ಹೊಳೆಯಲ್ಲಿ ಮುಳುಗಿ, ಒದ್ದೆ ಧೋತರದಲ್ಲೇ ಕೊಡ ತುಂಬಿ, ಹೆಗಲ ಮೇಲಿಟ್ಟುಕೊಂಡು ಗುಡಿಗೆ ನಡೆಯಬೇಕು. ದಾರಿಯಲ್ಲಿ ಯಾರಾದರೂ ಮುಟ್ಟಿದರೆ ನೀರು ಚೆಲ್ಲಿ, ಮತ್ತೆ ಹೊಳೆಗೆ ಹೋಗಿ, ಮತ್ತೆ ಮುಳುಗಿ ಮೊದಲಿನಿಂದ ಶುರು. ಎದುರಿಗೆ ಬಂದವರು ತಾವೇ ಪಕ್ಕಕ್ಕೆ ಸರಿದು ನಿಲ್ಲುವುದು ಊರಲ್ಲಿ ಅಜ್ಜ ಮುತ್ತಜ್ಜರ ಕಾಲದ ರೂಢಿ.

ತಮ್ಮನನ್ನು ಅಪ್ಪ ಅವ್ವ ತೋರಿಸದ ಜಾಗವಿರಲಿಲ್ಲ. ಶಹಾಬಾದಿನ ಡಾಕ್ಟರೊಬ್ಬರು ಅವನ ಕಣ್ಣು ನಾಲಿಗೆ ನೋಡಿ, ಬುದ್ಧಿಮಾಂದ್ಯ, ಇವನು ಹೀಗೇ ಇರುತ್ತಾನೆ, ಊಟ ಬಟ್ಟೆ ನೋಡಿಕೊಳ್ಳಿ ಸಾಕು ಎಂದರು. ವಾಡಿಯಿಂದ ನನ್ನನ್ನು ನೋಡಲು ಬಂದ ಬೀಗರು ಉಪ್ಪಿಟ್ಟು ತಿಂದು, ಬಾಗಿಲ ಹಿಂದೆ ಕೂತು ತೂಗಾಡುತ್ತಿದ್ದ ಅವನನ್ನು ನೋಡಿ, ಪತ್ರ ಬರೆಯುತ್ತೇವೆ ಎಂದು ಹೋದರು. ಇನ್ನೂ ಬರೆಯುತ್ತಿರಬೇಕು. ನಾನು ಅದಕ್ಕೇನೂ ಅಳಲಿಲ್ಲ. ಊರ ಶಾಲೆಯಲ್ಲಿ ಕೆಲಸವಿತ್ತು, ನಾಲಿಗೆ ಹರಿತವಿತ್ತು, ಅಷ್ಟು ಸಾಕಾಗಿತ್ತು.

ಚಿತ್ತಾಪುರದಲ್ಲಿ ಒಮ್ಮೆ ಇಂಥ ಮಕ್ಕಳಿಗಾಗಿ ಶಿಬಿರ ನಡೆದಾಗ ಅವ್ವ ಅವನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದಳು. ಅಲ್ಲಿದ್ದ ಹೆಣ್ಣುಮಗಳೊಬ್ಬಳು ಅವ್ವನಿಗೆ ಒಂದು ಉಪಾಯ ಹೇಳಿಕೊಟ್ಟಳು. ಮನೆಯಲ್ಲಿ ದಿನಾ ನಡೆಯುವ ಒಂದೇ ಒಂದು ಕೆಲಸ ಆರಿಸಿಕೊಳ್ಳಿ, ಅದನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದೇ ತುಂಡು ಕಲಿಸಿ, ದಿನಾ ಅದೇ ರೀತಿ, ಅದೇ ಮಾತಿನಲ್ಲಿ, ಒಂದು ದಿನವೂ ಬದಲಿಸಬೇಡಿ. ನಮ್ಮ ಮನೆಯಲ್ಲಿ ದಿನಾ ತಪ್ಪದೆ ನಡೆಯುತ್ತಿದ್ದದ್ದು ಮಡಿ ನೀರು ತರುವ ಕೆಲಸ ಒಂದೇ. ಅವ್ವ ಅದನ್ನೇ ಹಿಡಿದಳು.

ವರ್ಷಗಟ್ಟಲೆ ಹಿಡಿಯಿತು. ಮೊದಲು ಬರೀ ಮೆಟ್ಟಿಲಿಳಿಯುವುದು. ಆಮೇಲೆ ಹೊಳೆಯ ನಡುವಿನ ಹಾಸುಗಲ್ಲಿನವರೆಗೆ ಹೋಗಿ ನಿಲ್ಲುವುದು, ಏಕೆಂದರೆ ಹರಿಯುವ ತಿಳಿ ನೀರು ಸಿಗುವುದು ಅಲ್ಲೇ. ಆಮೇಲೆ ಮುಳುಗುವುದು, ಕೊಡ ತುಂಬುವುದು, ಹೆಗಲಿಗೇರಿಸುವುದು. ಕೊನೆಗೆ ದಾರಿ, ಮತ್ತು ಯಾರಾದರೂ ಹತ್ತಿರ ಬಂದರೆ ಆಡಬೇಕಾದ ಆ ಮಾತು. ಕಲಿತಾದ ಮೇಲೆ ಅವನನ್ನು ತಪ್ಪಿಸುವುದು ಯಾರಿಂದಲೂ ಆಗುತ್ತಿರಲಿಲ್ಲ. ಊರವರು ಅವನನ್ನು ಸಣ್ಣಾಚಾರ್ರು ಎಂದು ಕರೆಯತೊಡಗಿದರು. ಮೊದಮೊದಲು ಚೇಷ್ಟೆಗೆ, ಬರಬರುತ್ತ ನಿಜಕ್ಕೆ. ಹಿಂದೆ ಅವನನ್ನು ಕಂಡರೆ ಕಲ್ಲೆಸೆಯುತ್ತಿದ್ದ ಹುಡುಗರು ಕೊಡ ಹೊತ್ತು ಬರುವಾಗ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಿದ್ದರು. ಅವನ ನಡಿಗೆ ಬದಲಾಯಿತು, ಕತ್ತು ನೆಟ್ಟಗಾಯಿತು. ಅವ್ವ ಜ್ವರದಲ್ಲಿ ತೀರಿಕೊಂಡ ವರ್ಷವೂ ಅವನು ನೀರು ತರುವುದನ್ನು ಬಿಡಲಿಲ್ಲ.

ನನ್ನ ಕಿವಿ ಮಾತ್ರ ಅವನು ಮೆಟ್ಟಿಲಿಳಿದ ಕ್ಷಣದಿಂದ ಮರಳಿ ಕಾಣುವವರೆಗೆ ಓಣಿಯ ಕಡೆಗೇ ಇರುತ್ತಿತ್ತು. ಅವನು ಬಾಗಿಲ ಹಿಂದೆ ಕೂತಿದ್ದಾಗ ಮನೆಯಲ್ಲಿ ದುಃಖವಿತ್ತು, ಭಯವಿರಲಿಲ್ಲ. ಇವನಿಗೂ ಏನೋ ಬರುತ್ತದೆ ಎಂಬ ಆಸೆ ಹುಟ್ಟಿದ ದಿನದಿಂದ ಭಯವೂ ಒಳಗೆ ಬಂದು ಚಾಪೆ ಹಾಸಿಕೊಂಡಿತು. ಕಾಗಿಣಾ ಹೊಳೆಯ ಗುಣವೇ ಕೆಟ್ಟದ್ದು. ನಮ್ಮಲ್ಲಿ ಬಿಸಿಲು ಬಿದ್ದಿರುತ್ತದೆ, ಮೇಲೆ ಚಿಂಚೋಳಿ ಕಡೆ, ಕುಂಚಾವರಂ ಕಾಡಿನಲ್ಲಿ ರಾತ್ರಿ ಮಳೆಯಾಗಿದ್ದರೆ ಮುಂಜಾನೆ ಇಲ್ಲಿ ನೀರು ಹೇಳದೆ ಕೇಳದೆ ಏರುತ್ತದೆ.

ತೊಂಬತ್ತರ ದಶಕದ ನಡುವಿನ ಒಂದು ಮಳೆಗಾಲದ ಶುರುವಿನಲ್ಲಿ ಹಾಗೇ ಆಯಿತು. ನಾನು ಒಲೆಯ ಮುಂದೆ ಭಕ್ರಿ ಬಡಿಯುತ್ತಿದ್ದೆ. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಅಂಗಳಕ್ಕೆ ಓಡಿ ಬಂದಳು. ಹೊಳೆ ಏರುತ್ತಿದೆ, ಸಣ್ಣಾಚಾರ್ರು ನಡುವೆ ನಿಂತಿದ್ದಾರೆ, ಕರೆದರೂ ಬರುತ್ತಿಲ್ಲ ಎಂದಳು. ಹಿಟ್ಟಿನ ಕೈಯಲ್ಲೇ ಓಡಿದೆ. ಅಪ್ಪನಿಗೆ ಮೊಣಕಾಲು ನೋವು, ಅವರು ಹಿಂದೆ ಕುಂಟುತ್ತ ಬರುತ್ತಿದ್ದರು.

ಹೊಳೆಯ ಬಣ್ಣ ಬದಲಾಗಿತ್ತು. ಕೆಂಪು ನೀರು ನೊರೆ, ಕಸ, ಮುರಿದ ಟೊಂಗೆಗಳನ್ನು ಹೊತ್ತು ಬರುತ್ತಿತ್ತು. ತಮ್ಮ ಹಾಸುಗಲ್ಲಿನ ಮೇಲೆ ಕೊಡ ಹೆಗಲಿಗಿಟ್ಟು ನಿಂತಿದ್ದ. ನೀರು ಅವನ ಸೊಂಟಕ್ಕೆ ಬಂದಿತ್ತು. ತಿರುಗಿ ಬರುವ ದಾರಿಯ ಕಲ್ಲುಗಳು ಕಾಣುತ್ತಿರಲಿಲ್ಲ, ಕಾಣದ ಕಲ್ಲಿನ ಮೇಲೆ ಕಾಲಿಡುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಅವನಿಂದ ಎರಡು ಮಾರು ಈಚೆಗೆ, ಎದೆಮಟ್ಟದ ನೀರಿನಲ್ಲಿ, ಚಾಚಾ ಕೈ ಚಾಚಿ ನಿಂತಿದ್ದರು. ಚಾಚಾ ಎಂದರೆ ದಂಡೆಯ ಮೇಲೆ ಬದನೆಕಾಯಿ, ಸೊಪ್ಪು ಬೆಳೆಯುತ್ತಿದ್ದ ಸಾಬರು. ಅವರ ಮನೆತನ ಆ ಮಣ್ಣಿನಲ್ಲಿ ಎಷ್ಟು ತಲೆಮಾರಿನದೆಂದು ಅವರಿಗೂ ಗೊತ್ತಿರಲಿಲ್ಲ. ನನ್ನ ತಮ್ಮನನ್ನು ದಿನಾ ನೋಡುತ್ತಿದ್ದವರು, ಅವನು ಬಂದರೆ ಪಂಪಿನ ಪೈಪು ಎಳೆದು ದಾರಿ ಬಿಡುತ್ತಿದ್ದವರು.

ನನ್ನನ್ನು ಕಂಡು ಚಾಚಾ ಕೂಗಿದರು. "ಬಾಯಾರ, ನಾ ಒಂದ್ ಹೆಜ್ಜಿ ಮುಂದ ಹೋದ್ರ ಅವ್ರು ಒಂದ್ ಹೆಜ್ಜಿ ಹಿಂದ ಸರೀಲಿಕತ್ತಾರ್ರಿ. ಹಿಂದ ಮಡು ಅದ. ನಾ ಏನ್ ಮಾಡ್ಲಿ?"

ಮಡು ಎಂದರೆ ಕಲ್ಲಿನ ಹಿಂಬದಿಯ ಆಳ. ಬೇಸಿಗೆಯಲ್ಲೂ ಅಲ್ಲಿ ಎಮ್ಮೆ ಕೂಡ ಇಳಿಯುತ್ತಿರಲಿಲ್ಲ. ನಾನು ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದೆ. ತಮ್ಮ ನನ್ನನ್ನು ನೋಡಿದ. ಅವನ ಮುಖ ಬೆಳ್ಳಗಾಗಿತ್ತು, ಅವನಿಗೂ ಅಂಜಿಕೆಯಾಗಿತ್ತು. ಆದರೂ ನಾನು ಹತ್ತಿರವಾದಂತೆ "ಮುಟ್ಟಬ್ಯಾಡ್ರಿ, ಮಡಿ" ಎಂದ. ನನಗೇ, ಅವನ ಅಕ್ಕನಿಗೆ, ಬಹುವಚನದಲ್ಲಿ, ಅವ್ವ ಕಲಿಸಿದ ಅದೇ ರಾಗದಲ್ಲಿ. ಹೇಳುತ್ತ ಹಿಂದಕ್ಕೆ ಒಂದು ಹೆಜ್ಜೆ ಇಟ್ಟ. ಅವನ ಹಿಮ್ಮಡಿ ಕಲ್ಲಿನ ಇಳಿಜಾರು ಅಂಚಿಗೆ ಬಂದದ್ದು ನೀರು ಅವನ ಎದೆಗೆ ಏರಿದ್ದರಿಂದ ತಿಳಿಯಿತು.

ನಾನು ನಿಂತುಬಿಟ್ಟೆ. ನನ್ನ ಜೀವನದಲ್ಲಿ ಅಷ್ಟು ಅಂಜಿದ್ದು ಇನ್ನೊಂದಿಲ್ಲ. ಮುಂದೆ ಹೋದರೆ ನಾನೇ ಅವನನ್ನು ಮಡುವಿಗೆ ನೂಕಿದಂತೆ, ನಿಂತರೆ ಹೊಳೆ ಒಯ್ಯುತ್ತದೆ. ಬೈದೆ, ಅತ್ತೆ, ಕೊಡ ಬಿಸಾಕು ಎಂದು ಕಿರುಚಿದೆ. ಅವನು ಕೊಡವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ದಂಡೆಯ ಮೇಲೆ ಸೇರಿದ್ದ ಜನರೂ ಕೂಗುತ್ತಿದ್ದರು. ಆ ಗದ್ದಲಕ್ಕೆ ಅವನು ತೂಗಾಡಲು ಶುರು ಮಾಡಿದ. ಹಿಂದೆ ಬಾಗಿಲ ಹಿಂದೆ ಕೂತು ತೂಗಾಡುತ್ತಿದ್ದನಲ್ಲ, ಹಾಗೆ, ಆ ನೀರಿನ ನಡುವೆ.

ಅದು ಹೇಗೆ ಹೊಳೆಯಿತೋ ಗೊತ್ತಿಲ್ಲ. ಅವನ ಎದುರಿಗೇ ನಾನು ಕಣ್ಣು ಮುಚ್ಚಿ ನೀರಿನಲ್ಲಿ ಮುಳುಗಿದೆ. ಎದ್ದು, ಗೋವಿಂದಾ ಎಂದು, ಮತ್ತೆ ಮುಳುಗಿದೆ. ಮತ್ತೊಮ್ಮೆ. ಹೊಳೆಯಲ್ಲಿ ಮುಳುಗಿ ಒದ್ದೆ ಬಟ್ಟೆಯಲ್ಲಿ ನಿಂತವರು ಮಡಿಯವರು, ಮಡಿಯವರು ಮಡಿಯವರನ್ನು ಮುಟ್ಟಬಹುದು. ನಮ್ಮ ಮನೆಯ ಈ ಕಾಯಿದೆ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

"ಈಗ ನಾನೂ ಮಡಿ ಆದೆ. ಕೈ ಕೊಡು" ಎಂದೆ.

ಅವನು ತೂಗಾಡುವುದನ್ನು ನಿಲ್ಲಿಸಿದ. ನನ್ನ ತಲೆಯನ್ನೇ ನೋಡಿದ. ಕೂದಲಿನಿಂದ ನೀರು ಸೋರದಿದ್ದರೆ ಮಡಿಯಲ್ಲ ಎಂದು ಅವ್ವ ಕಲಿಸಿದ್ದಳು. ಆ ಹೊಳೆಯಲ್ಲಿ ನಿಂತು ಅವನು ನನ್ನ ಕೂದಲು ಪರೀಕ್ಷೆ ಮಾಡಿದ. ಆಮೇಲೆ ಕೈ ಕೊಟ್ಟ. ಮೇಲ್ಗಡೆ ಚಾಚಾ ಹೊಳೆಯ ರಭಸಕ್ಕೆ ಬೆನ್ನು ಕೊಟ್ಟು ನಮಗೆ ಅಡ್ಡವಾಗಿ ನಡೆದರು, ನಾವು ಅವರ ಮರೆಯಲ್ಲಿ ಕಾಲಿನಿಂದ ಕಲ್ಲು ಹುಡುಕುತ್ತ ದಂಡೆಗೆ ಬಂದೆವು. ತಮ್ಮನ ಹೆಗಲ ಮೇಲಿನ ಕೊಡ ತುಂಬಿದಂತೆಯೇ ಇತ್ತು.

ಅವತ್ತೇ ಕೊಡ ಅಟ್ಟದ ಮೇಲೆ ಹೋಯಿತು. ಅಪ್ಪ ಮೊಣಕಾಲು ಹಿಡಿದುಕೊಂಡು ತಾವೇ ಬಾವಿಯ ನೀರು ಸೇದಿ ಗುಡಿಗೆ ಒಯ್ಯತೊಡಗಿದರು. ಅವನಿನ್ನು ಹೊಳೆಯ ಮುಖ ನೋಡುವುದು ಬೇಡ ಎಂದು ನಾನೇ ಹಟ ಹಿಡಿದಿದ್ದೆ. ಜೀವ ಇದ್ದರೆ ಸಾಕು, ಊಟ ಬಟ್ಟೆ ನೋಡಿಕೊಂಡರೆ ಸಾಕು. ಶಹಾಬಾದಿನ ಡಾಕ್ಟರು ಹೇಳಿದ್ದನ್ನೇ ನಾನೂ ಹೇಳುತ್ತಿದ್ದೆ.

ಅವನು ದಿನಾ ಮುಂಜಾನೆ ಎದ್ದು ಧೋತರ ಸುತ್ತಿಕೊಂಡು ಕೊಡ ಇರುತ್ತಿದ್ದ ಮೂಲೆಗೆ ಹೋಗಿ ನಿಲ್ಲುತ್ತಿದ್ದ. ಬಿಸಿಲೇರುವವರೆಗೆ ನಿಲ್ಲುತ್ತಿದ್ದ. ಕೆಲವು ದಿನ ಹೀಗೆ ನಡೆಯಿತು. ಆಮೇಲೆ ಧೋತರ ಸುತ್ತುವುದನ್ನು ಬಿಟ್ಟ. ಆಮೇಲೆ ಕೈಯಿಂದ ಊಟ ಮಾಡುವುದನ್ನು ಬಿಟ್ಟ, ನಾನು ತುತ್ತು ಮಾಡಿ ಬಾಯಿಗಿಡಬೇಕಾಯಿತು. ಒಂದು ದಿನ ಶಾಲೆಯಿಂದ ಬಂದಾಗ ಬಾಗಿಲ ಹಿಂದೆ, ತನ್ನ ಹೇಲುಚ್ಚೆಯಲ್ಲೇ ಕೂತು ತೂಗಾಡುತ್ತಿದ್ದ. ಆರೇಳು ವರ್ಷದವನಿದ್ದಾಗ ಹೀಗಿದ್ದ. ಅವ್ವ ಅಷ್ಟು ವರ್ಷ ಒಂದೊಂದೇ ತುಂಡು ಜೋಡಿಸಿ ಹೊರಗೆ ತಂದ ಮನುಷ್ಯ ನನ್ನ ಕಣ್ಣೆದುರೇ ಒಳಗೆ ಹೋಗುತ್ತಿದ್ದ. ಹೊಳೆಯಲ್ಲಿ ಹೋದರೆ ಹುಡುಕಲು ಜನ ಓಡಿ ಬರುತ್ತಿದ್ದರು, ಇದು ಯಾರಿಗೂ ಕಾಣದ ಮುಳುಗುವಿಕೆ. ಹೊಳೆಗಿಂತ ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ಅಪ್ಪನಿಗೂ ಆಗಿರಬೇಕು. ಒಂದು ಸಂಜೆ ಅಟ್ಟದಿಂದ ಕೊಡ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಕೂತಿದ್ದರು. ಮಳೆಗಾಲ ಮುಗಿದಿಲ್ಲವಲ್ಲ ಎಂದೆ. ಗೊತ್ತಿದೆ ಎಂದರು. ಮತ್ತೊಮ್ಮೆ ಹೊಳೆ ಏರಿದರೆ ನಾನು ಮನೆಯಲ್ಲಿರುತ್ತೇನೆ, ನೀವು ಗುಡಿಯಲ್ಲಿರುತ್ತೀರಿ, ಹೊಳೆಯಲ್ಲಿ ಇರುವವರು ಚಾಚಾ ಒಬ್ಬರೇ ಎಂದು ರೇಗಿದೆ. ಅಪ್ಪ ತಿಕ್ಕುವುದನ್ನು ನಿಲ್ಲಿಸಿ, ಹಾಗಾದರೆ ಅವರ ಕೈ ಹಿಡಿಯುವುದನ್ನೇ ಕಲಿಸಬೇಕು ಎಂದರು.

ಅವತ್ತು ಹೊಳೆಯಲ್ಲಿ ಚಾಚಾ ಕೂಡ ತಲೆಯಿಂದ ಕಾಲವರೆಗೆ ಒದ್ದೆಯಾಗಿಯೇ ಇದ್ದರು. ಅದು ನಮ್ಮ ಲೆಕ್ಕದಲ್ಲಿ ಬರುವುದಿಲ್ಲ ಎಂದು ತಮ್ಮನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ, ಆದರೂ ಅವನು ಕಲಿತಿದ್ದ. ನಾವು ನಡೆಯುವುದನ್ನು ನೋಡಿ ಕಲಿತಿದ್ದ.

ಚಾಚಾ ಈ ಮಾತು ಕೇಳಿ ಹೌಹಾರಿದರು. ಆ ವರ್ಷಗಳಲ್ಲಿ ಊರಿನ ಮಾತುಕತೆ ಮೊದಲಿನಷ್ಟು ಸಡಿಲವಿರಲಿಲ್ಲ, ಬಾವಿಕಟ್ಟೆಯ ಮೇಲೆ ಜನ ಗುಂಪು ಗುಂಪಾಗಿ ಕೂಡುತ್ತಿದ್ದರು. ನಾಳೆ ಯಾರಾದರೂ ಗುಡಿಯ ನೀರು ಕೆಡಿಸಿದರು ಎಂದರೆ ನನ್ನ ಗತಿ ಏನು, ನಿಮ್ಮ ಪೂಜೆಯ ಗತಿ ಏನು, ಅಂಜಿಕೆಯಾಗುತ್ತದೆ ಎಂದರು.

"ನನಗೂ ಅಂಜಿಕಿ ಅದ ಭಾಯಿ" ಎಂದರು ಅಪ್ಪ. "ಊರಿಂದೂ ಅದ, ದೇವರ್ದೂ ಅದ. ಎಲ್ಲಾದಕ್ಕಿಂತ ಹೊಳಿದು ಜಾಸ್ತಿ ಅದ."

ಮರುದಿನದಿಂದ ಅವ್ವನ ರೀತಿಯಲ್ಲೇ ಶುರುವಾಯಿತು. ಕಲಿಸುವುದಕ್ಕಿಂತ ಕಲಿತದ್ದನ್ನು ಬಿಡಿಸುವುದು ಎಷ್ಟು ಕಷ್ಟವೆಂದು ಶಾಲೆಯಲ್ಲಿ ಇಷ್ಟು ಮಕ್ಕಳಿಗೆ ಪಾಠ ಹೇಳಿದರೂ ನನಗೆ ಗೊತ್ತಿರಲಿಲ್ಲ. ದಂಡೆಯ ಹತ್ತಿರ, ಮೊಣಕಾಲು ನೀರಿನಲ್ಲಿ ಚಾಚಾ ಮುಳುಗಿ ಎದ್ದು ಕೈ ಚಾಚುತ್ತಿದ್ದರು. ತಮ್ಮ ಹಿಂದೆ ಸರಿಯುತ್ತಿದ್ದ. ನಾನು ಎಷ್ಟು ಪುಸಲಾಯಿಸಿದರೂ ಅದೇ ಮಾತು, ಅದೇ ಹಿಂದಿನ ಹೆಜ್ಜೆ. ಕೊನೆಗೆ ಅಪ್ಪ ಧೋತರ ಕಚ್ಚೆ ಹಾಕಿ ಕುಂಟುತ್ತ ನೀರಿಗಿಳಿದರು. ಮುಳುಗಿದರು. ಪೂಜೆಗೆ ಮುಂಚೆ ಮನೆಯವರೂ ಮುಟ್ಟದ ಮನುಷ್ಯ, ತಮ್ಮ ನೋಡುತ್ತಿರುವಾಗಲೇ, ಕೈ ಚಾಚಿ ಚಾಚಾನ ಕೈ ಹಿಡಿದರು.

ತಮ್ಮ ಕೂಗಿಕೊಂಡ. ಅಪ್ಪನಿಗೆ ಬೆಂಕಿ ಹತ್ತಿದಂತೆ ಕೂಗಿಕೊಂಡ. ಅಪ್ಪ ಕೈ ಬಿಡಲಿಲ್ಲ. ಇಬ್ಬರೂ ಹಾಗೇ ಕೈ ಹಿಡಿದುಕೊಂಡು ದಂಡೆಗೆ ಬಂದರು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಚಾಚಾ ದಂಡೆಯ ಕಡೆ ತಿರುತಿರುಗಿ ನೋಡುತ್ತಿದ್ದರು. ದಿನಾ ಅದನ್ನೇ ಮಾಡಿದರು. ತಮ್ಮ ಕೂಗುವುದನ್ನು ನಿಲ್ಲಿಸಿದ, ಆಮೇಲೆ ಸುಮ್ಮನೆ ನೋಡತೊಡಗಿದ. ಒಂದು ದಿನ ಚಾಚಾನ ಹೆಬ್ಬೆರಳನ್ನು ಎರಡು ಬೆರಳಲ್ಲಿ ಮುಟ್ಟಿ, ತಟ್ಟನೆ ಕೈ ಹಿಂದೆಳೆದುಕೊಂಡ. ಅಷ್ಟರ ಮೇಲೆ ಹೋಗಲಿಲ್ಲ. ಆದರೆ ಮನೆಗೆ ಬಂದು ತಾನೇ ತಾಟು ಹಾಕಿಕೊಂಡು ಉಂಡ. ಅಪ್ಪ ಕೊಡವನ್ನು ಅದರ ಮೂಲೆಯಲ್ಲಿಟ್ಟರು. ಅವನು ಮತ್ತೆ ಒಬ್ಬನೇ ಹೊಳೆಗೆ ಹೋಗತೊಡಗಿದ, ನಾನು ಮತ್ತೆ ಓಣಿಯ ಕಡೆ ಕಿವಿ ಇಟ್ಟುಕೊಂಡು ಭಕ್ರಿ ಬಡಿಯತೊಡಗಿದೆ. ಎರಡು ಬೆರಳನ್ನು ನಂಬಿ ಕಳಿಸುತ್ತಿದ್ದೇವೆ ಎಂದು ಅಪ್ಪನ ಜೊತೆ ದಿನಾ ಜಗಳ.

ಮಳೆಗಾಲ ಮುಗಿಯುತ್ತ ಬಂದಾಗ ಒಂದು ಮುಂಜಾನೆ ಮೇಲ್ಗಡೆಯ ಆಕಾಶ ಕಪ್ಪಾಗಿತ್ತು. ನಾನು ಅವನನ್ನು ತಡೆಯಬೇಕೆಂದು ಹೊರಗೆ ಬರುವುದರೊಳಗೆ ಅವನು ಹೋಗಿಯಾಗಿತ್ತು. ಸ್ವಲ್ಪ ಹೊತ್ತಿನಲ್ಲೇ ಹೊಳೆಯ ಕಡೆಯಿಂದ ಜನರ ಗದ್ದಲ ಕೇಳಿತು. ನಾನು ಓಣಿಗೆ ಓಡಿದೆ. ಮುಗಿಯಿತು ಎಂದುಕೊಂಡೆ. ಇನ್ನು ಅವನನ್ನು ಯಾರು ಹೊತ್ತು ತರುತ್ತಾರೆ ಎಂದು ಕೂಡ ಯೋಚಿಸಿದೆ, ದೇವರಾಣೆಗೂ ಹಾಗೆ ಯೋಚಿಸಿದೆ.

ಓಣಿಯ ತಿರುವಿನಲ್ಲಿ ಅವನು ಕಾಣಿಸಿದ. ಎಡ ಹೆಗಲ ಮೇಲೆ ಕೊಡ, ಬಲಗೈಯಲ್ಲಿ ಚಾಚಾನ ಕೈ. ಎರಡು ಬೆರಳಲ್ಲ, ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದಿದ್ದ. ಇಬ್ಬರೂ ತೊಯ್ದು ತೊಪ್ಪೆ. ಚಾಚಾನ ಒಂದು ಕಾಲಿಗೆ ಚಪ್ಪಲಿ ಇರಲಿಲ್ಲ. ಅವರ ಮುಖದಲ್ಲಿ ರಕ್ತವೇ ಇಲ್ಲ, ಹೊಳೆ ದಾಟಿದ್ದಕ್ಕಲ್ಲ, ಇಕ್ಕೆಲದ ಮನೆಗಳಿಂದ ಜನ ಹೊರಬಂದು ನೋಡುತ್ತಿದ್ದರಲ್ಲ, ಅದಕ್ಕೆ. ಕೈ ಬಿಡಿಸಿಕೊಳ್ಳಲು ಎಷ್ಟು ಎಳೆದರೂ ತಮ್ಮ ಬಿಡುತ್ತಿರಲಿಲ್ಲ. ಹಿಡಿಯುವುದನ್ನು ಕಲಿಸಿದ್ದೆವು, ಎಲ್ಲಿ ಬಿಡಬೇಕೆಂದು ಕಲಿಸಿರಲಿಲ್ಲ.

"ಬಾಯಾರ, ಬಿಡಂತ ಹೇಳ್ರಿ" ಎಂದರು ಚಾಚಾ, ಮೆಲ್ಲಗೆ. ನಾನು ಹೇಳಿದೆ. ತಮ್ಮ ಕೇಳಲಿಲ್ಲ. ಅವನಿಗೆ ದಾರಿ ಇನ್ನೂ ಮುಗಿದಿರಲಿಲ್ಲ.

ಮೂವರೂ ಗುಡಿಯ ಮುಂದೆ ಬಂದೆವು. ಹಿಂದೆ ಅರ್ಧ ಊರು. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಎದ್ದು ನಿಂತು, ಈ ನೀರು ದೇವರಿಗೆ ನಡೆಯುತ್ತದೆಯೇ ಎಂದು ಅಪ್ಪನನ್ನು ಕೇಳಿದರು. ದನಿಯಲ್ಲಿ ಸಿಟ್ಟಿತ್ತೋ ಬರೀ ಪ್ರಶ್ನೆಯಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ. ಅಪ್ಪ ಹೊಸ್ತಿಲಲ್ಲಿ ನಿಂತು ಮಗನನ್ನು ನೋಡಿದರು, ಆ ಹಿಡಿದ ಕೈಗಳನ್ನು ನೋಡಿದರು.

"ಹೊಳಿ ಏರ್ಯದೇನು?" ಎಂದು ಚಾಚಾನನ್ನು ಕೇಳಿದರು.

"ಭಾಳ ಏರ್ಯದ್ರಿ."

ಅಪ್ಪ ತಮ್ಮನ ಹೆಗಲಿನಿಂದ ಕೊಡ ಇಳಿಸಿಕೊಂಡು ಒಳಗೆ ಹೋದರು. ತಮ್ಮ ಕೆಳಗಿನ ಮೆಟ್ಟಿಲ ಮೇಲೆ ಚಾಚಾನ ಕೈ ಹಿಡಿದುಕೊಂಡೇ ನಿಂತಿದ್ದ. ಕಟ್ಟೆಯ ಮೇಲಿನವರು ಹೋಗಲೂ ಇಲ್ಲ, ಕೂರಲೂ ಇಲ್ಲ. ಒಳಗೆ ಮೂರ್ತಿಯ ಮೇಲೆ ಆ ನೀರು ಬೀಳುವ ಸದ್ದು ಕೇಳುವವರೆಗೆ ನಾನು ಗುಡಿಯ ಕಂಬ ಹಿಡಿದು ನಿಂತಿದ್ದೆ.